ಅಧಿಕ ವೋಲ್ಟೇಜಿನ ಆಕರ, ಅಲ್ಪ ವೋಲ್ಟೇಜಿನ ಬೀಸಣಿಗೆ: ಒಂದು ಐತಿಹಾಸಿಕ ವಿವೇಚನೆ

೧. ಪ್ರಸ್ತಾವನೆ

ಹಳೆಯ ಕಡತಗಳ ಮತ್ತು ಓಲೆಗರಿಗಳ ಛಾಯಾಪ್ರತಿಗಳನ್ನು ತೆಗೆಯುವ ಸಲುವಾಗಿ ನಮ್ಮ ವಿಭಾಗದಲ್ಲಿ ಒಂದು ದೀಪದ ಪೆಟ್ಟಿಗೆಯುಂಟು. ಅದರ ದೀಪಗಳು ೨೪ ವೋಲ್ಟಿನ ಏಕಮುಖ ವಿದ್ಯುತ್ತಿನಿಂದ ಉರಿಯುತ್ತವೆ. ಒಳಗೆ ಶಾಖ ಹೆಚ್ಚಿದರೆ ಓಲೆಗಳಿಗೆ ಹಾನಿ ತಪ್ಪದಾದುದರಿಂದ, ಕಂಪ್ಯೂಟರುಗಳಲ್ಲಿ ಬಳಸುವಂಥ ೧೨ ವೋಲ್ಟಿನ ಎರಡು ಸಣ್ಣ ಬೀಸಣಿಗೆಗಳನ್ನು ಅದಕ್ಕೆ ಕೂಡಿಸಲಾಗಿದ್ದಿತು. ಹನ್ನೆರಡು ಮತ್ತು ಹನ್ನೆರಡು ಇಪ್ಪತ್ತನಾಲ್ಕಾಗುವುದರಿಂದ, ಎರಡನ್ನೂ ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದರೆ ಸಾಕೆಂದು ಜೋಡಿಸಿದವರು ಎಣಿಸಿದ್ದರು. ಕೆಲವು ತಿಂಗಳು ಕೆಲಸ ಸುಗಮವಾಗಿಯೇ ಸಾಗಿತು. ಬಳಿಕ ಒಂದು ದಿನ ಧೂಳು ತುಂಬಿ ಒಂದು ಬೀಸಣಿಗೆ ನಿಂತಿತು. ಅದರೊಡನೆ ಯಾವ ದೋಷವೂ ಇಲ್ಲದ ಇನ್ನೊಂದೂ ನಿಂತಿತು. ಯಾರಾದರೂ ಗಮನಿಸುವಷ್ಟರಲ್ಲಿ ಒಳಗಿದ್ದ ಓಲೆಯ ಅಂಚು ಮುರುಟಿಹೋಗಿದ್ದಿತು.

ಈ ಅವಘಡ ಅಲ್ಪವಾದುದೇ ಸರಿ. ಆದರೆ ಅದರ ಕಾರಣವನ್ನು ವಿಚಾರಿಸುತ್ತ ಹೋದಂತೆ, ಇದೇ ತಪ್ಪನ್ನು ೧೮೮೦ರ ದಶಕದಲ್ಲಿ ಯೂರೋಪಿನ ಮತ್ತು ಅಮೆರಿಕದ ಪ್ರಸಿದ್ಧ ಎಂಜಿನಿಯರುಗಳು ಮಾಡಿ ತಿದ್ದಿಕೊಂಡಿದ್ದರೆಂಬುದು ನಮಗೆ ಕಂಡುಬಂದಿತು. ವಿದ್ಯುಚ್ಛಕ್ತಿಯ ಇತಿಹಾಸವನ್ನು ನಮ್ಮ ತರಗತಿಗಳಲ್ಲಿ ಹೇಳುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಎಡಿಸನ್ನನ ಏಕಮುಖ ಪ್ರವಾಹಕ್ಕೂ ವೆಸ್ಟಿಂಗ್‌ಹೌಸನ ಪರ್ಯಾಯ ಪ್ರವಾಹಕ್ಕೂ ಸ್ಪರ್ಧೆ ನಡೆಯಿತು, ಪರ್ಯಾಯ ಪ್ರವಾಹ ಗೆದ್ದಿತು, ಅಲ್ಲಿಗೆ ಪ್ರಶ್ನೆ ಮುಗಿಯಿತು. ಪ್ರಶ್ನೆ ಮುಗಿಯಲಿಲ್ಲವೆಂಬುದನ್ನೂ, ಪರಸ್ಪರ ಸ್ಪರ್ಧಿಸಿದ ಮಾರ್ಗಗಳಲ್ಲಿ ಒಂದೂ ಅಳಿದುಹೋಗಿಲ್ಲವೆಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಪ್ರಶ್ನೆಯ ಹುಟ್ಟು

ಒಂದು ಸಾಧನಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಅದರ ಬಾಗಿಲಿಗೆ ತರುವುದೇಕೆ ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರ ತಾಮ್ರದ ಬೆಲೆಯಲ್ಲಿದೆ. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ವೋಲ್ಟೇಜನ್ನು ಇಮ್ಮಡಿ ಮಾಡಿದರೆ ಅದೇ ಶಕ್ತಿಗೆ ಅರ್ಧ ಪ್ರವಾಹ ಸಾಕು, ನಷ್ಟ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಶಕ್ತಿಯನ್ನು ಸಾಗಿಸುವವನಿಗೆ ಅಧಿಕ ವೋಲ್ಟೇಜು ಹಿತ. ಬಳಸುವವನಿಗಾದರೋ ಅಲ್ಪ ವೋಲ್ಟೇಜು ಕ್ಷೇಮಕರ. ಅನೇಕ ಸಾಧನಗಳ ರಚನೆಗೂ ಅದೇ ಅನುಕೂಲ. ಈ ಎರಡು ಹಿತಗಳ ನಡುವಣ ಅಂತರವನ್ನು ಎಲ್ಲಿ, ಯಾರ ವೆಚ್ಚದಲ್ಲಿ, ಯಾವ ಉಪಾಯದಿಂದ ತೀರಿಸಬೇಕೆಂಬುದೇ ನಮ್ಮ ಪ್ರಶ್ನೆಯ ತಿರುಳು.

೧೮೮೨ರ ಸೆಪ್ಟೆಂಬರ್ ೪ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಆರಂಭವಾದ ಎಡಿಸನ್ನನ ವಿದ್ಯುದಾಗಾರ ಈ ಅಂತರವೇ ಹುಟ್ಟದಂತೆ ನೋಡಿಕೊಂಡಿತು. ಸುಮಾರು ೧೧೦ ವೋಲ್ಟಿನ ಏಕಮುಖ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರಾಗಿ ಅದೇ ವೋಲ್ಟೇಜಿನಲ್ಲಿ ದೀಪಗಳಿಗೆ ಒದಗಿಸಲಾಯಿತು. ಇದೇ ದಶಕದಲ್ಲಿ ಸ್ಕೈಲರ್ ವ್ಹೀಲರ್ ರೂಪಿಸಿದ ಮೇಜಿನ ಬೀಸಣಿಗೆಯೂ, ಹೊಲಿಗೆಯಂತ್ರದ ಮೋಟರನ್ನು ಮಾರ್ಪಡಿಸಿ ಫಿಲಿಪ್ ಡೀಲ್ ನಿರ್ಮಿಸಿದ ಚಾವಣಿಯ ಬೀಸಣಿಗೆಯೂ ಬಳಕೆಗೆ ಬಂದುವು. ಆದರೆ ಇಷ್ಟು ಅಲ್ಪ ವೋಲ್ಟೇಜಿನಲ್ಲಿ ವಿದ್ಯುತ್ತನ್ನು ದೂರ ಸಾಗಿಸುವುದು ಅಸಾಧ್ಯವಾದುದರಿಂದ, ಆಗಾರದಿಂದ ಸುಮಾರು ಒಂದು ಮೈಲಿಯೊಳಗೆ ವಾಸಿಸುವವರಿಗೆ ಮಾತ್ರ ಅದರ ಪ್ರಯೋಜನ ದೊರೆಯುತ್ತಿದ್ದಿತು. ಕ್ಷೇತ್ರವನ್ನು ಹಿಗ್ಗಿಸಬೇಕೆಂದೊಡನೆ ವೋಲ್ಟೇಜನ್ನು ಏರಿಸಬೇಕಾಯಿತು. ಏರಿಸಿದುದನ್ನು ಇಳಿಸುವ ಮೂರು ಮಾರ್ಗಗಳು ಆ ಕಾಲದಲ್ಲಿಯೇ ಕಾಣಿಸಿಕೊಂಡುವು. ಅವುಗಳನ್ನು ಹಂಚಿಕೆಯ ಮಾರ್ಗ, ದಹನದ ಮಾರ್ಗ ಮತ್ತು ಪರಿವರ್ತನೆಯ ಮಾರ್ಗವೆಂದು ನಾವು ಕರೆಯುತ್ತೇವೆ.

೩. ಹಂಚಿಕೆಯ ಮಾರ್ಗ

ಹೆಚ್ಚಿನ ವೋಲ್ಟೇಜನ್ನು ಹಲವು ಸಾಧನಗಳು ಸರಣಿಯಲ್ಲಿ ನಿಂತು ತಮ್ಮೊಳಗೆ ಹಂಚಿಕೊಳ್ಳುವುದು ಮೊದಲನೆಯ ಮಾರ್ಗ. ಇದರಲ್ಲಿ ಬೇರೆ ಯಂತ್ರದ ಅಗತ್ಯವಿಲ್ಲ, ಶಕ್ತಿಯೂ ವ್ಯರ್ಥವಾಗುವುದಿಲ್ಲ. ಸುಮಾರು ೫೫೦ ವೋಲ್ಟಿನಲ್ಲಿ ಚಲಿಸುತ್ತಿದ್ದ ಟ್ರಾಮುಗಾಡಿಗಳಲ್ಲಿ ೧೧೦ ವೋಲ್ಟಿನ ಐದೈದು ದೀಪಗಳನ್ನು ಸರಣಿಯಲ್ಲಿ ಉರಿಸುವ ಪದ್ಧತಿ ಬಹುಕಾಲ ಪ್ರಚಲಿತವಾಗಿದ್ದಿತು. ಅವುಗಳಲ್ಲಿ ಒಂದು ಕೆಟ್ಟರೆ ಐದೂ ಆರುತ್ತಿದ್ದುವು. ಕೆಟ್ಟುದು ಯಾವುದೆಂದು ಕತ್ತಲೆಯಲ್ಲಿಯೇ ಹುಡುಕಬೇಕಾಗುತ್ತಿದ್ದಿತು.

ಈ ಪರಾಧೀನತೆಯನ್ನು ನಿವಾರಿಸಲು ಬ್ರಿಟನ್ನಿನಲ್ಲಿ ಜಾನ್ ಹಾಪ್ಕಿನ್ಸನ್ನನೂ ಅಮೆರಿಕದಲ್ಲಿ ಎಡಿಸನ್ನನೂ ಹೆಚ್ಚುಕಡಮೆ ಒಂದೇ ಕಾಲದಲ್ಲಿ ಕಂಡುಕೊಂಡ ಉಪಾಯವೇ ಮೂರು ತಂತಿಗಳ ಪದ್ಧತಿ. ೧೮೮೩ರಲ್ಲಿ ಪೆನ್ಸಿಲ್ವೇನಿಯದ ಸನ್ಬರಿ ಎಂಬ ಊರಿನಲ್ಲಿ ಎಡಿಸನ್ನನು ಇದನ್ನು ಆಚರಣೆಗೆ ತಂದನು. ಹೊರಗಣ ಎರಡು ತಂತಿಗಳ ನಡುವೆ ೨೨೦ ವೋಲ್ಟು. ನಡುವಣ ತಟಸ್ಥ ತಂತಿಯಿಂದ ಎರಡು ಕಡೆಗೂ ೧೧೦ ವೋಲ್ಟು. ಎರಡು ಕಡೆಯ ಹೊರೆ ಸಮವಾಗಿರುವಾಗ ದೀಪಗಳು ಸರಣಿಯಲ್ಲಿದ್ದಂತೆಯೇ ನಡೆಯುತ್ತವೆ, ನಡುವಣ ತಂತಿಯಲ್ಲಿ ಪ್ರವಾಹವೇ ಇರುವುದಿಲ್ಲ. ಹೊರೆ ಅಸಮವಾದೊಡನೆ ಆ ತಂತಿ ವ್ಯತ್ಯಾಸವನ್ನು ಹೊತ್ತು, ಒಬ್ಬನ ದೋಷ ಇನ್ನೊಬ್ಬನನ್ನು ತಟ್ಟದಂತೆ ಕಾಯುತ್ತದೆ. ಮೂರೂ ತಂತಿಗಳು ಸಮಾನ ದಪ್ಪದವಾಗಿದ್ದರೂ ಹಿಂದಿನ ಪದ್ಧತಿಗೆ ಬೇಕಾಗುತ್ತಿದ್ದ ತಾಮ್ರದಲ್ಲಿ ನೂರಕ್ಕೆ ೬೨.೫ರಷ್ಟು ಉಳಿತಾಯವಾಗುತ್ತದೆಂದು ಲೆಕ್ಕ ತೋರಿಸುತ್ತದೆ.

ನಮ್ಮ ದೀಪದ ಪೆಟ್ಟಿಗೆಯಲ್ಲಿ ಇಲ್ಲದಿದ್ದುದು ಈ ನಡುವಣ ತಂತಿಯೇ. ಇಂದಿನ ಸಣ್ಣ ಬೀಸಣಿಗೆಗಳ ವಿಷಯದಲ್ಲಿ ಅಪಾಯ ಇನ್ನೂ ಒಂದು ಮಡಿ ಹೆಚ್ಚು. ರೆಕ್ಕೆ ಸಿಕ್ಕಿಕೊಂಡಾಗ ತನ್ನ ಸುರುಳಿ ಸುಡದಿರಲೆಂದು ಪ್ರವಾಹವನ್ನು ತಾನೇ ಕಡಿದುಕೊಳ್ಳುವ ಏರ್ಪಾಡು ಅವುಗಳಲ್ಲಿ ಹಲವಕ್ಕೆ ಇದೆ. ಹಾಗೆ ಒಂದು ಬೀಸಣಿಗೆ ಪ್ರವಾಹವನ್ನು ಕಡಿದಾಗ ಹೆಚ್ಚುಕಡಮೆ ೨೪ ವೋಲ್ಟೂ ಅದರ ಮೇಲೆಯೇ ಬೀಳುತ್ತದೆ. ೧೨ ವೋಲ್ಟಿಗಾಗಿ ಮಾಡಿದ ಅದರ ಒಳಗಣ ಮಂಡಲ ಇದನ್ನು ತಾಳಲಾರದೆ ಹೋಗಬಹುದು.

ಇದು ಪುರಾತನ ಕಥೆಯೆಂದು ವಿದ್ಯಾರ್ಥಿಗಳು ಭಾವಿಸಬಾರದು. ನಮ್ಮ ಬೀದಿಗಳ ಮೂರು ಫೇಸಿನ ಪೂರೈಕೆಯಲ್ಲಿಯೂ ಇದೇ ತತ್ತ್ವ ಅಡಗಿದೆ. ಫೇಸು ಫೇಸುಗಳ ನಡುವೆ ಸುಮಾರು ೪೦೦ ವೋಲ್ಟು, ಫೇಸಿಗೂ ನ್ಯೂಟ್ರಲಿಗೂ ನಡುವೆ ೨೩೦ ವೋಲ್ಟು. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದುಹೋದಾಗ ಎರಡು ಮನೆಗಳ ಸಾಧನಗಳು ತಾವರಿಯದೆಯೇ ಸರಣಿಯಲ್ಲಿ ಸೇರುತ್ತವೆ. ಕಡಮೆ ಹೊರೆಯಿರುವ ಮನೆಯ ಮೇಲೆ ಹೆಚ್ಚಿನ ವೋಲ್ಟೇಜು ಬಿದ್ದು ಅಲ್ಲಿಯ ದೀಪ, ಟಿ.ವಿ.ಗಳು ಸುಟ್ಟುಹೋಗುತ್ತವೆ. ನ್ಯೂಟ್ರಲ್ ಹೋಯಿತೆಂದು ಬೀದಿಯವರು ಆಡಿಕೊಳ್ಳುವ ಮಾತಿನ ಹಿಂದೆ ಸನ್ಬರಿಯ ಪ್ರಶ್ನೆಯೇ ಇದೆ.

೪. ದಹನದ ಮಾರ್ಗ

ಬೇಡದ ವೋಲ್ಟೇಜನ್ನು ಒಂದು ರೋಧಕದಲ್ಲಿ ಶಾಖವಾಗಿ ಸುಟ್ಟುಬಿಡುವುದು ಎರಡನೆಯ ಮಾರ್ಗ. ಸುಮಾರು ೪೫ರಿಂದ ೫೦ ವೋಲ್ಟಿನಲ್ಲಿ ಉರಿಯುವ ಚಾಪದೀಪಗಳನ್ನು ೧೧೦ ವೋಲ್ಟಿನ ತಂತಿಗೆ ಸೇರಿಸುವಾಗ, ಎರಡು ದೀಪಗಳನ್ನು ಸರಣಿಯಲ್ಲಿಟ್ಟು, ಉಳಿದುದನ್ನು ರೋಧಕವೊಂದಕ್ಕೆ ಬಿಡುವುದು ರೂಢಿಯಾಗಿದ್ದಿತು. ನಾಟಕಶಾಲೆಗಳಲ್ಲಿ ದೀಪಗಳನ್ನು ಮಂದಗೊಳಿಸುತ್ತಿದ್ದುದೂ ರೋಧಕಗಳಿಂದಲೇ.

ಈ ಮಾರ್ಗದ ಪರಿಚಯ ನಮ್ಮ ಮನೆಗಳಿಗೂ ಉಂಟು. ಗೋಡೆಯ ಮೇಲೆ ದುಂಡಗೆ ದಪ್ಪವಾಗಿ ಕುಳಿತಿರುತ್ತಿದ್ದ ಹಳೆಯ ಫ್ಯಾನ್ ರೆಗ್ಯುಲೇಟರು ರೋಧಕದ ಸುರುಳಿಯಲ್ಲದೆ ಬೇರೇನೂ ಅಲ್ಲ. ಬೀಸಣಿಗೆಯನ್ನು ನಿಧಾನಗೊಳಿಸಿದಷ್ಟೂ ಆ ಪೆಟ್ಟಿಗೆ ಬಿಸಿಯಾಗುತ್ತಿದ್ದುದನ್ನು ಹಿರಿಯರು ಬಲ್ಲರು. ಗಾಳಿ ಕಡಮೆಯಾದರೂ ವಿದ್ಯುತ್ತಿನ ವೆಚ್ಚ ಅದೇ ಪ್ರಮಾಣದಲ್ಲಿ ಇಳಿಯುತ್ತಿರಲಿಲ್ಲ. ಇಳಿದ ವೇಗದ ಬೆಲೆಯ ಒಂದು ಪಾಲನ್ನು ಗೋಡೆಯನ್ನು ಕಾಯಿಸಲು ತೆರಲಾಗುತ್ತಿದ್ದಿತು.

ಲೆಕ್ಕದಿಂದ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ೧೨ ವೋಲ್ಟಿನಲ್ಲಿ ೦.೨ ಆಂಪಿಯರ್ ಪ್ರವಾಹವನ್ನು ಪಡೆಯುವ ಬೀಸಣಿಗೆಯೊಂದನ್ನು ೨೪ ವೋಲ್ಟಿನಿಂದ ನಡೆಸಬೇಕೆಂದಿಟ್ಟುಕೊಳ್ಳೋಣ. ೬೦ ಓಮಿನ ರೋಧಕವನ್ನು ಅದರೊಡನೆ ಸರಣಿಯಲ್ಲಿ ಸೇರಿಸಬೇಕು. ಬೀಸಣಿಗೆಗೆ ಸಲ್ಲುವುದು ೨.೪ ವಾಟು, ರೋಧಕದಲ್ಲಿ ಸುಡುವುದೂ ೨.೪ ವಾಟು. ಆಕರ ೪೮ ವೋಲ್ಟಿನದಾದರೆ ಸುಡುವ ಪಾಲು ೭.೨ ವಾಟಿಗೆ ಏರುತ್ತದೆ, ಎಂದರೆ ಕೆಲಸದ ಮೂರರಷ್ಟು ನಷ್ಟ. ರೋಧಕವೂ ಪೆಟ್ಟಿಗೆಯ ಒಳಗೇ ಇದ್ದರೆ, ಶಾಖವನ್ನು ಹೊರದೂಡಲೆಂದು ತಂದ ಬೀಸಣಿಗೆ ತನ್ನೊಡನೆ ಶಾಖವನ್ನೂ ತಂದಂತಾಗುತ್ತದೆ. ಇಷ್ಟೇ ಅಲ್ಲ. ಬೀಸಣಿಗೆ ಹೊರಡುವಾಗ ಹೆಚ್ಚಿನ ಪ್ರವಾಹವನ್ನು ಬೇಡುತ್ತದೆ. ಪ್ರವಾಹ ಹೆಚ್ಚಿದಷ್ಟೂ ರೋಧಕ ನುಂಗುವ ವೋಲ್ಟೇಜೂ ಹೆಚ್ಚುತ್ತದೆ. ಬಲ ಬೇಕಾದ ಕ್ಷಣದಲ್ಲಿಯೇ ಬಲ ಕುಂದುವುದರಿಂದ, ಕೆಲವು ಬೀಸಣಿಗೆಗಳು ಹೊರಡದೆಯೇ ನಿಂತುಬಿಡುತ್ತವೆ.

ಹೊರೆ ಬದಲಾದರೂ ವೋಲ್ಟೇಜು ಬದಲಾಗದಂತೆ ಕಾಯುವ ಅರೆವಾಹಕ ನಿಯಂತ್ರಕಗಳು ೧೯೬೦ರ ದಶಕದ ಕೊನೆಯಿಂದ ಬಂದುವು. ಬಾಬ್ ವಿಡ್ಲರ್ ರೂಪಿಸಿ ೧೯೬೯ರಲ್ಲಿ ಹೊರಬಂದ ಮೂರು ಕಾಲಿನ ಎಲ್.ಎಂ. ೧೦೯ ಅವುಗಳಲ್ಲಿ ಪ್ರಸಿದ್ಧವಾದುದು. ಇಂಥ ನಿಯಂತ್ರಕಗಳಿಂದ ಹೊರಡುವಾಗಿನ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಆದರೆ ನಷ್ಟದ ಲೆಕ್ಕ ಮಾತ್ರ ಬದಲಾಗುವುದಿಲ್ಲ. ಇವು ಜಾಣ ರೋಧಕಗಳೇ ಹೊರತು ಬೇರೆ ಮಾರ್ಗವಲ್ಲವೆಂಬುದು ನಮ್ಮ ಅಭಿಪ್ರಾಯ.

೫. ಪರಿವರ್ತನೆಯ ಮಾರ್ಗ

ಮೂರನೆಯ ಮಾರ್ಗದಲ್ಲಿ ಹೆಚ್ಚಿನ ವೋಲ್ಟೇಜಿನ ಕಿರುಪ್ರವಾಹವನ್ನು ಕೊಟ್ಟು, ಅಲ್ಪ ವೋಲ್ಟೇಜಿನ ಹಿರಿಪ್ರವಾಹವನ್ನು ಪಡೆಯಲಾಗುತ್ತದೆ. ಇದರ ಮೂಲ ೧೮೩೧ರಲ್ಲಿ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ಸುರುಳಿಗಳನ್ನು ಸುತ್ತಿ ನಡೆಸಿದ ಪ್ರಯೋಗದಲ್ಲಿದೆ. ಅದನ್ನು ದೀಪಗಳ ಪೂರೈಕೆಗೆ ಅನ್ವಯಿಸಿದವರಲ್ಲಿ ಲೂಸಿಯನ್ ಗೋಲಾರ್ ಮತ್ತು ಜಾನ್ ಗಿಬ್ಸ್ ಮುಖ್ಯರು. ಲಂಡನ್ನಿನಲ್ಲಿ ತೋರಿಸಿದ ತಮ್ಮ ಯಂತ್ರವನ್ನು ಅವರು ೧೮೮೪ರಲ್ಲಿ ಇಟಲಿಯ ಟ್ಯೂರಿನ್ ನಗರದ ಪ್ರದರ್ಶನದಲ್ಲಿಯೂ ಪ್ರಯೋಗಿಸಿದರು.

ಇಲ್ಲಿ ಗಮನಾರ್ಹವಾದ ಒಂದು ಸಂಗತಿಯಿದೆ. ಗೋಲಾರ್ ಮತ್ತು ಗಿಬ್ಸ್ ತಮ್ಮ ಪರಿವರ್ತಕಗಳ ಮೊದಲ ಸುರುಳಿಗಳನ್ನು ಸರಣಿಯಲ್ಲಿ ಜೋಡಿಸಿದ್ದರು. ಆದುದರಿಂದ ಒಂದೆಡೆ ದೀಪಗಳನ್ನು ಆರಿಸಿದರೆ ಇನ್ನೊಂದೆಡೆಯ ಬೆಳಕು ವ್ಯತ್ಯಾಸಗೊಳ್ಳುತ್ತಿದ್ದಿತು. ಹೊಸ ಮಾರ್ಗದ ಒಳಗೆ ಹಳೆಯ ಮಾರ್ಗದ ದೋಷ ಹೀಗೆ ನುಸುಳಿಕೊಂಡಿದ್ದಿತು. ಬುಡಾಪೆಸ್ಟಿನ ಗಾಂಟ್ಸ್ ಕಾರ್ಖಾನೆಯ ಜಿಪೆರ್ನೋವ್‌ಸ್ಕಿ, ಬ್ಲಾತಿ ಮತ್ತು ಡೇರಿ ಎಂಬ ಮೂವರು ೧೮೮೫ರಲ್ಲಿ ಮುಚ್ಚಿದ ಕಬ್ಬಿಣದ ತಿರುಳುಳ್ಳ ಪರಿವರ್ತಕವನ್ನು ನಿರ್ಮಿಸಿ, ಅವುಗಳನ್ನು ಸಮಾಂತರವಾಗಿ ಜೋಡಿಸಿದಾಗ ಈ ದೋಷ ನೀಗಿತು. ಮರುವರ್ಷ ಮಾರ್ಚ್ ೨೦ರಂದು ವಿಲಿಯಂ ಸ್ಟ್ಯಾನ್ಲಿ ಮಸಾಚುಸೆಟ್ಸಿನ ಗ್ರೇಟ್ ಬ್ಯಾರಿಂಗ್‌ಟನ್ ಎಂಬ ಊರಿನ ಅಂಗಡಿಗಳಿಗೆ ಪರಿವರ್ತಕಗಳ ಮೂಲಕ ಪರ್ಯಾಯ ಪ್ರವಾಹವನ್ನು ಒದಗಿಸಿದನು. ನಮ್ಮ ಪೆಟ್ಟಿಗೆಯನ್ನು ಜೋಡಿಸಿದವರ ತಪ್ಪು ಗೋಲಾರ್ ಮತ್ತು ಗಿಬ್ಸರ ತಪ್ಪೇ ಆಗಿದ್ದಿತೆಂದು ಈಗ ಹೇಳಬಹುದಾಗಿದೆ.

೬. ಶಿವನಸಮುದ್ರದ ನಿದರ್ಶನ

ಈ ಮಾರ್ಗದ ಫಲವನ್ನು ಪ್ರಪಂಚದಲ್ಲಿ ಬಹಳ ಬೇಗನೆ, ಬಹು ದೊಡ್ಡ ಪ್ರಮಾಣದಲ್ಲಿ ಪಡೆದ ಪ್ರದೇಶಗಳಲ್ಲಿ ಮೈಸೂರು ಸಂಸ್ಥಾನವೂ ಒಂದು. ದಿವಾನ್ ಕೆ. ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ, ಸಂಸ್ಥಾನದ ಎಂಜಿನಿಯರಾಗಿದ್ದ ಜೋಲಿ ಡಿ ಲಾಟ್‌ಬಿನಿಯೇರ್ ಎಂಬಾತನು ಕಾವೇರಿಯ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸುವ ಯೋಜನೆಯನ್ನು ರೂಪಿಸಿದನು. ೧೯೦೧ರಲ್ಲಿ ದಿವಾನರು ತೀರಿಕೊಂಡರು. ೧೯೦೨ರ ಜೂನ್ ತಿಂಗಳಲ್ಲಿ ವಿದ್ಯುತ್ತು ಗಣಿಗಳನ್ನು ಮುಟ್ಟಿತು. ನಡುವಣ ದೂರ ಸುಮಾರು ೯೨ ಮೈಲಿ, ಎಂದರೆ ಸುಮಾರು ೧೪೮ ಕಿಲೋಮೀಟರು. ಸಾಗಣೆಯ ವೋಲ್ಟೇಜು ೩೦,೦೦೦ಕ್ಕೂ ಮೇಲ್ಪಟ್ಟುದಾಗಿದ್ದಿತು.

ಪರ್ಲ್ ಸ್ಟ್ರೀಟಿನ ಪದ್ಧತಿಯಿಂದ ಇದು ಏಕೆ ಸಾಧ್ಯವಾಗುತ್ತಿರಲಿಲ್ಲವೆಂಬುದನ್ನು ಒಂದು ಸ್ಥೂಲ ಲೆಕ್ಕದಿಂದ ಮನಗಾಣಬಹುದು. ೩೦೦೦ ಕಿಲೋವಾಟ್ ಶಕ್ತಿಯನ್ನು, ಮೂರು ಫೇಸುಗಳ ವಿವರವನ್ನು ಬದಿಗಿಟ್ಟು, ೧೧೦ ವೋಲ್ಟಿನಲ್ಲಿ ಸಾಗಿಸಬೇಕಾದರೆ ಪ್ರವಾಹ ೨೭,೦೦೦ ಆಂಪಿಯರನ್ನು ಮೀರುತ್ತದೆ. ೩೦,೦೦೦ ವೋಲ್ಟಿನಲ್ಲಾದರೆ ೧೦೦ ಆಂಪಿಯರ್ ಸಾಕು. ಕಾವೇರಿಗೂ ಕೋಲಾರಕ್ಕೂ ಮಧ್ಯೆ ಅಷ್ಟು ತಾಮ್ರವನ್ನು ಹಾಸಬಲ್ಲ ಬೊಕ್ಕಸ ಯಾವ ದೊರೆಯ ಬಳಿಯೂ ಇರಲಿಲ್ಲ. ೧೯೦೫ರ ಆಗಸ್ಟ್ ೫ರಂದು ಇದೇ ಶಕ್ತಿಯಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುವು. ಕಾಲಕ್ರಮದಲ್ಲಿ ಮನೆಗಳಿಗೂ ಕಚೇರಿಗಳಿಗೂ ಬಂದ ಬೀಸಣಿಗೆಗಳೆಲ್ಲವೂ, ಮೇಲಿನ ಅರ್ಥದಲ್ಲಿ, ಅಧಿಕ ವೋಲ್ಟೇಜಿನ ಆಕರದಿಂದ ನಡೆದ ಅಲ್ಪ ವೋಲ್ಟೇಜಿನ ಬೀಸಣಿಗೆಗಳೇ. ಗಣಿಗಳು ೨೦೦೧ರಲ್ಲಿ ಮುಚ್ಚಿದರೂ ಆ ತತ್ತ್ವ ನಾಡಿನ ಪ್ರತಿಯೊಂದು ಬೀದಿಯ ಕಂಬದ ಮೇಲೆ ಉಳಿದಿದೆ.

೭. ಪ್ರಶ್ನೆಯ ಪುನರಾಗಮನ

ಪರಿವರ್ತಕಕ್ಕೆ ಒಂದು ಮಿತಿಯಿದೆ. ಅದು ಪರ್ಯಾಯ ಪ್ರವಾಹದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಟ್ರಾನ್ಸಿಸ್ಟರುಗಳು ಬಂದ ಬಳಿಕ ಯಂತ್ರಗಳ ಒಳಗೆ ಏಕಮುಖ ಪ್ರವಾಹದ ಆಳ್ವಿಕೆ ಮತ್ತೆ ಹಬ್ಬಿತು. ೧೯೬೨ರಲ್ಲಿ ವಿಲ್ಸನ್ ಮತ್ತು ಟ್ರಿಕಿ ಎಂಬವರು ಬ್ರಷ್ಷುಗಳ ಬದಲಿಗೆ ಅರೆವಾಹಕಗಳಿಂದ ಪ್ರವಾಹದ ದಿಕ್ಕನ್ನು ಬದಲಿಸುವ ಏಕಮುಖ ಮೋಟರನ್ನು ವಿವರಿಸಿದರು. ಕಂಪ್ಯೂಟರುಗಳಲ್ಲಿ ಇಂದು ತಿರುಗುವ ಸಣ್ಣ ಬೀಸಣಿಗೆಗಳು ಈ ವಂಶಕ್ಕೆ ಸೇರಿದುವು. ಮನೆಯ ಕಂಪ್ಯೂಟರುಗಳಲ್ಲಿ ೧೨ ವೋಲ್ಟು ಇವುಗಳ ವಾಡಿಕೆಯ ಪ್ರಮಾಣವಾಯಿತು. ಆದರೆ ಕಾರ್ಖಾನೆಗಳ ನಿಯಂತ್ರಣ ಪೆಟ್ಟಿಗೆಗಳಲ್ಲಿ ೨೪ ವೋಲ್ಟು, ಟೆಲಿಫೋನ್ ಕೇಂದ್ರಗಳಲ್ಲಿ ೪೮ ವೋಲ್ಟು ರೂಢಿಯಲ್ಲಿವೆ. ಹೀಗೆ, ೧೮೮೦ರ ದಶಕದ ಪ್ರಶ್ನೆ ಅಂಗೈಯಗಲದ ಯಂತ್ರದಲ್ಲಿ ಮತ್ತೆ ತಲೆಯೆತ್ತಿತು. ಈ ಬಾರಿ ಪರಿವರ್ತಕದ ನೇರ ಸಹಾಯವಿಲ್ಲದೆ.

ಉತ್ತರಗಳೂ ಹಳೆಯವೇ ಆದುವು. ಎರಡು ಬೀಸಣಿಗೆಗಳನ್ನು ಸರಣಿಯಲ್ಲಿ ಸೇರಿಸಿದವರು ಟ್ರಾಮಿನ ದೀಪಗಳನ್ನು ಅನುಸರಿಸಿದರು. ರೋಧಕವನ್ನು ಸೇರಿಸಿದವರು ಚಾಪದೀಪವನ್ನು ಅನುಸರಿಸಿದರು. ಗದ್ದಲ ತಗ್ಗಲೆಂದು ಕಂಪ್ಯೂಟರಿನ ೧೨ ವೋಲ್ಟಿನ ತಂತಿಗೂ ೫ ವೋಲ್ಟಿನ ತಂತಿಗೂ ನಡುವೆ ಬೀಸಣಿಗೆಯನ್ನು ಕಟ್ಟಿ, ೭ ವೋಲ್ಟಿನಲ್ಲಿ ಓಡಿಸಿದವರೂ ಉಂಟು. ಎರಡು ತಂತಿಗಳ ಅಂತರವನ್ನೇ ಆಕರವಾಗಿ ಬಳಸಿದ ಅವರು ಮೂರು ತಂತಿಗಳ ಪದ್ಧತಿಯ ವಾರಸುದಾರರು. ಬೀಸಣಿಗೆಯಿಂದ ಹೊರಬರುವ ಪ್ರವಾಹವನ್ನು ೫ ವೋಲ್ಟಿನ ಕಡೆಯ ಬೇರೆ ಹೊರೆ ಹೀರಿಕೊಳ್ಳುವಷ್ಟು ಇದ್ದಾಗ ಮಾತ್ರ ಅದು ಕ್ಷೇಮ.

ಪರಿವರ್ತನೆಯ ಮಾರ್ಗಕ್ಕೂ ಹೊಸ ರೂಪ ದೊರೆಯಿತು. ಟ್ರಾನ್ಸಿಸ್ಟರೊಂದು ೨೪ ವೋಲ್ಟನ್ನು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತದೆ. ತೆರೆದಾಗ ಬಂದ ಶಕ್ತಿಯ ಒಂದಂಶವನ್ನು ಸುರುಳಿಯೊಂದು ಕೂಡಿಟ್ಟುಕೊಂಡು, ಮುಚ್ಚಿದಾಗ ಬಿಟ್ಟುಕೊಡುತ್ತದೆ. ಅರ್ಧ ಕಾಲ ತೆರೆದಿದ್ದರೆ ಸರಾಸರಿ ೧೨ ವೋಲ್ಟು ದೊರೆಯುತ್ತದೆ. ದಕ್ಷತೆ ನೂರಕ್ಕೆ ೯೦ ಎಂದಿಟ್ಟುಕೊಂಡರೆ, ರೋಧಕದಲ್ಲಿ ೨.೪ ವಾಟು ಸುಡುತ್ತಿದ್ದೆಡೆ ಇಲ್ಲಿ ಸುಡುವುದು ಸುಮಾರು ೦.೨೭ ವಾಟು ಮಾತ್ರ. ಇದೇ ಬಗೆಯ ಉಪಾಯದಿಂದ ಚಾವಣಿಯ ಬೀಸಣಿಗೆಯೂ ಈಗ ಮಾರ್ಪಡುತ್ತಿದೆ. ಹೊಸ ಬ್ರಷ್‌ರಹಿತ ಬೀಸಣಿಗೆಗಳಲ್ಲಿ ಅನೇಕವು ೨೩೦ ವೋಲ್ಟನ್ನು ತಮ್ಮೊಳಗೇ ಅಲ್ಪ ವೋಲ್ಟೇಜಿನ ಏಕಮುಖ ವಿದ್ಯುತ್ತಾಗಿ ಇಳಿಸಿಕೊಂಡು, ಹಳೆಯವು ಸುಮಾರು ೭೫ ವಾಟಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಸುಮಾರು ೩೦ ವಾಟಿನಲ್ಲಿ ಮಾಡುತ್ತವೆ. ನ್ಯೂಯಾರ್ಕಿನಲ್ಲಿ ಎಡಿಸನ್ನನ ಕಾಲದಿಂದ ನಡೆದುಬಂದ ಏಕಮುಖ ಪೂರೈಕೆ ೨೦೦೭ರ ನವೆಂಬರ್ ೧೪ರಂದು ನಿಂತಿತು. ಬೀದಿಯಲ್ಲಿ ಅದು ಸೋತಿರಬಹುದು, ಮನೆಯೊಳಗೆ ಮರಳಿ ಬಂದಿದೆ.

೮. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಈ ಮೂರು ಮಾರ್ಗಗಳು ಒಂದರ ಮೇಲೊಂದಿರುವ ಮೆಟ್ಟಲುಗಳಲ್ಲ. ಹಂಚಿಕೆ, ದಹನ, ಪರಿವರ್ತನೆಗಳು ಒಂದೇ ದಶಕದಲ್ಲಿ ಜೊತೆಜೊತೆಯಾಗಿ ಹುಟ್ಟಿದುವು. ಇಂದಿಗೂ ಜೊತೆಯಾಗಿಯೇ ಬಾಳುತ್ತಿವೆ. ಎರಡನೆಯದು, ಇವುಗಳಲ್ಲಿ ಯಾವುದನ್ನು ಆಯ್ದುಕೊಳ್ಳಬೇಕೆಂಬುದನ್ನು ನಿರ್ಧರಿಸುವುದು ಹೊಸತನವಲ್ಲ, ಅಂತರದ ಬೆಲೆಯನ್ನು ತೆರುವವರು ಯಾರೆಂಬ ಪ್ರಶ್ನೆ. ಹಂಚಿಕೆಯಲ್ಲಿ ನೆರೆಯ ಸಾಧನ ತೆರುತ್ತದೆ. ದಹನದಲ್ಲಿ ವಿದ್ಯುತ್ತಿನ ಬಿಲ್ಲು ಕಟ್ಟುವವನು ದಿನದಿನವೂ ತೆರುತ್ತಾನೆ. ಪರಿವರ್ತನೆಯಲ್ಲಿ ಯಂತ್ರವನ್ನು ಕೊಳ್ಳುವವನು ಬಹುಪಾಲನ್ನು ಮೊದಲಿಗೇ ತೆತ್ತುಬಿಡುತ್ತಾನೆ. ರೋಧಕ ಅಗ್ಗವೆಂದು ಕಾಣುವುದು ಕೊಳ್ಳುವವನೂ ಬಿಲ್ಲು ಕಟ್ಟುವವನೂ ಬೇರೆ ಬೇರೆಯಾಗಿರುವಾಗಲೇ.

ತಂತ್ರವಿದ್ಯೆಯ ಚರಿತ್ರೆಯನ್ನು ಗೆದ್ದವರ ಪಟ್ಟಿಯನ್ನಾಗಿ ಬರೆದರೆ ಈ ಲೆಕ್ಕ ಕಣ್ಮರೆಯಾಗುತ್ತದೆ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಯಾವ ಮಾರ್ಗ ನೂತನವಾದುದೆಂದು ಕೇಳುವುದಕ್ಕಿಂತ, ಇಳಿದ ವೋಲ್ಟೇಜು ಎಲ್ಲಿಗೆ ಹೋಯಿತು, ಅದರ ನಷ್ಟವನ್ನು ಹೊತ್ತವರಾರು ಎಂದು ಕೇಳುವುದು ಉಚಿತ.

ನಮ್ಮ ಪೆಟ್ಟಿಗೆಗೆ ಈಗ ಒಂದು ಸಣ್ಣ ಪರಿವರ್ತಕ ಮಂಡಲವನ್ನು ಅಳವಡಿಸಿ, ಎರಡು ಬೀಸಣಿಗೆಗಳನ್ನೂ ಸಮಾಂತರವಾಗಿ ಜೋಡಿಸಲಾಗಿದೆ. ಒಂದು ನಿಂತರೂ ಇನ್ನೊಂದು ತಿರುಗುತ್ತದೆ. ಮುರುಟಿದ ಓಲೆಯ ಅಂಚಿನಲ್ಲಿದ್ದ ಕೆಲವು ಅಕ್ಷರಗಳನ್ನು ಮಾತ್ರ ಮತ್ತೆ ಓದಲಾಗಲಿಲ್ಲ.